ಎದುರುನೋಡುವ ಮಾತು: ಇಂಗ್ಲಿಷ್ ಪಾಠಕ್ಕೆ ಕನ್ನಡ ವ್ಯಾಕರಣದ ನೆರವು

ಮುಂದೆ ಆರಂಭವಾಗಲಿರುವ ಕಾರ್ಯವೊಂದನ್ನು ಸಂತೋಷದಿಂದ ನಿರೀಕ್ಷಿಸುತ್ತಿರುವುದಾಗಿ ತಿಳಿಸಬೇಕಾದ ಸಂದರ್ಭಗಳು ವಿದ್ಯಾರ್ಥಿಜೀವನದಲ್ಲಿಯೂ ಅದರ ಅನಂತರದ ವೃತ್ತಿಜೀವನದಲ್ಲಿಯೂ ಮೇಲಿಂದ ಮೇಲೆ ಬರುತ್ತವೆ. ಕಾಲೇಜಿನಲ್ಲಿ ಪ್ರವೇಶ ದೊರೆತಾಗ ಪ್ರಾಂಶುಪಾಲರಿಗೆ ಬರೆಯುವ ಪತ್ರ, ಕೆಲಸಕ್ಕೆ ನೇಮಕವಾದಾಗ ಕಳುಹಿಸುವ ಒಪ್ಪಿಗೆಯ ಪತ್ರ, ದೂರದ ಊರಿನ ತರಬೇತಿಗೆ ಹೊರಡುವ ಮುನ್ನ ಅಲ್ಲಿನ ಅಧಿಕಾರಿಗಳಿಗೆ ಸಲ್ಲಿಸುವ ಬಿನ್ನಹ, ಇಂಥಲ್ಲೆಲ್ಲ ಇಂಗ್ಲಿಷ್ ಬರೆಯುವವರು ಬಳಸುವ ನುಡಿಗಟ್ಟು ‘ಲುಕ್ ಫಾರ್ವರ್ಡ್ ಟು’ ಎಂಬುದು. ಮೂರೇ ಪದಗಳು, ಮೂರೂ ಐದನೆಯ ತರಗತಿಯ ಮಗುವಿಗೂ ತಿಳಿದಿರುವಂಥವು. ಆದರೂ ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಎಡವುವುದು ಇಲ್ಲಿಯೇ. ‘ಐ ಆ್ಯಮ್ ಲುಕಿಂಗ್ ಫಾರ್ವರ್ಡ್ ಟು ಸ್ಟಾರ್ಟ್ ದ ಕೋರ್ಸ್’ ಎಂದು ಅವರು ಬರೆಯುತ್ತಾರೆ. ಬರೆಯಬೇಕಾದುದು ‘ಐ ಆ್ಯಮ್ ಲುಕಿಂಗ್ ಫಾರ್ವರ್ಡ್ ಟು ಸ್ಟಾರ್ಟಿಂಗ್ ದ ಕೋರ್ಸ್’ ಎಂದು. ಆಂಗ್ಲಮಾಧ್ಯಮದಲ್ಲಿ ಓದಿದವರೂ ಈ ತಪ್ಪಿನಿಂದ ಮುಕ್ತರಲ್ಲ. ಪದವೀಧರರ ಅರ್ಜಿಗಳಲ್ಲಿಯೂ ಇದು ಹೇರಳವಾಗಿ ಕಾಣಸಿಗುತ್ತದೆ.

(ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿಯೇ ಕೊಡುತ್ತಿದ್ದೇನೆ. ಈ ಸಂಚಿಕೆ ವಿದ್ಯಾರ್ಥಿಗಳ ಮನೆಗಳಿಗೂ ಹೋಗುತ್ತದೆ. ಪಾಲಕರೂ ಓದಲಿ ಎಂಬುದು ಉದ್ದೇಶ.)

ಇದೊಂದು ಚಿಕ್ಕ ತಪ್ಪು, ಅರ್ಥಕ್ಕೇನೂ ಬಾಧೆಯಿಲ್ಲ ಎಂದು ಯಾರಾದರೂ ಹೇಳಬಹುದು. ಅರ್ಥಕ್ಕೆ ಬಾಧೆಯಿಲ್ಲವೆಂಬುದು ನಿಜ. ಆದರೆ ಇಂಥ ವಾಕ್ಯ ಬರುವ ಸ್ಥಾನವನ್ನು ಗಮನಿಸಬೇಕು. ಅದು ಹೆಚ್ಚಾಗಿ ಪತ್ರದ ಕೊನೆಯ ಸಾಲಾಗಿರುತ್ತದೆ. ಅಪರಿಚಿತರು ಬರೆದವನ ವಿಷಯದಲ್ಲಿ ಅಭಿಪ್ರಾಯ ತಾಳುವ ಸಾಲಾಗಿರುತ್ತದೆ. ಗಣಿತದಲ್ಲಿ, ವಿಜ್ಞಾನದಲ್ಲಿ ಯಾರಿಗೂ ಕಡಿಮೆಯಿಲ್ಲದ ಹಳ್ಳಿಯ ಹುಡುಗನೊಬ್ಬ ಈ ಒಂದು ಸಾಲಿನ ಕಾರಣದಿಂದ ನಗೆಗೀಡಾದರೆ, ಮುಂದೆ ಆತ ಇಂಗ್ಲಿಷಿನಲ್ಲಿ ಬಾಯಿ ತೆರೆಯಲು ಅಳುಕುತ್ತಾನೆ. ನಗುವವರಿಗೂ ಅದು ಏಕೆ ತಪ್ಪೆಂಬುದು ಗೊತ್ತಿರುವುದಿಲ್ಲ ಎನ್ನುವುದು ಇನ್ನೊಂದು ಮಾತು. ‘ಅಲ್ಲಿ ಐಎನ್‌ಜಿ ಹಚ್ಚಬೇಕು, ಅದು ಹಾಗೆಯೇ’ ಎಂಬುದಕ್ಕಿಂತ ಹೆಚ್ಚಿನ ವಿವರಣೆಯನ್ನು ನಮ್ಮ ತರಗತಿಗಳಲ್ಲಿ ಕೊಡುವವರು ವಿರಳ.

ವಿವರಣೆ ಇಲ್ಲದೆ ಇಲ್ಲ. ಅದು ನಮ್ಮ ಪಕ್ಕದ ಕೊಠಡಿಯಲ್ಲಿಯೇ, ಕನ್ನಡ ವ್ಯಾಕರಣದ ಪಾಠದಲ್ಲಿ, ವರ್ಷ ವರ್ಷವೂ ಬೋಧಿಸಲ್ಪಡುತ್ತಿದೆ. ಇಂಗ್ಲಿಷ್ ಅಧ್ಯಾಪಕರು ಆ ಕೊಠಡಿಯ ಕಡೆಗೆ ನೋಡುವುದಿಲ್ಲ. ಕನ್ನಡ ಪಂಡಿತರು ಈ ಕೊಠಡಿಯ ಕಷ್ಟವನ್ನು ವಿಚಾರಿಸುವುದಿಲ್ಲ. ಈ ಎರಡು ಕೊಠಡಿಗಳ ನಡುವಿನ ಗೋಡೆಯನ್ನು ಕುರಿತೇ ನನ್ನ ಆಕ್ಷೇಪಣೆ.

ಮೊದಲು ತಪ್ಪಿನ ಮೂಲವನ್ನು ನೋಡೋಣ. ‘ಟು’ ಎಂಬ ಪದದ ಮುಂದೆ ಕ್ರಿಯಾಪದದ ಮೂಲರೂಪವೇ ಬರಬೇಕೆಂಬುದು ನಮ್ಮ ಮಕ್ಕಳು ಕಲಿಯುವ ಮೊದಲ ನಿಯಮಗಳಲ್ಲೊಂದು. ‘ಟು ಗೋ’, ‘ಟು ಈಟ್’, ‘ಟು ಸ್ಟಾರ್ಟ್’. ನಿಯಮವನ್ನು ಕಂಠಪಾಠ ಮಾಡಿದ ವಿದ್ಯಾರ್ಥಿ ಅದನ್ನು ಶ್ರದ್ಧೆಯಿಂದ ಪಾಲಿಸುತ್ತಾನೆ. ‘ಲುಕ್ ಫಾರ್ವರ್ಡ್ ಟು’ ಎಂದು ಬರೆದು ಮುಗಿಸುತ್ತಿದ್ದಂತೆಯೇ ಅವನ ಕೈ ತಾನಾಗಿ ‘ಸ್ಟಾರ್ಟ್’ ಎಂದು ಬರೆಯುತ್ತದೆ. ಅಂದರೆ ಇಲ್ಲಿ ತಪ್ಪಿದವನು ಸೋಮಾರಿಯಲ್ಲ, ನಿಯಮಪಾಲಕ! ಎರಡನೆಯ ಕಾರಣ ನಮ್ಮ ಆಡುಮಾತಿನಲ್ಲಿದೆ. ಕನ್ನಡವು ಇಂಗ್ಲಿಷ್ ಕ್ರಿಯಾಪದಗಳನ್ನು ಎರವಲು ತರುವಾಗ ಅವುಗಳ ಮೂಲರೂಪವನ್ನೇ ತಂದು ‘ಮಾಡು’, ‘ಆಗು’ ಎಂಬವನ್ನು ಜೋಡಿಸುತ್ತದೆ. ಬಸ್ಸು ಸ್ಟಾರ್ಟ್ ಆಯಿತು, ಪಂಪ್‌ಸೆಟ್ ಸ್ಟಾರ್ಟ್ ಮಾಡು, ನಾಳೆ ಮೀಟ್ ಮಾಡೋಣ. ಇಂಗ್ಲಿಷ್ ಪಾಠ ಆರಂಭವಾಗುವ ಮೊದಲೇ ಮಗುವಿನ ಕಿವಿಯಲ್ಲಿ ನೆಲೆಯೂರಿದ ರೂಪ ಇದು. ‘ಕೋರ್ಸ್ ಸ್ಟಾರ್ಟ್ ಮಾಡಲು ಕಾತರನಾಗಿದ್ದೇನೆ’ ಎಂದು ಮನಸ್ಸಿನಲ್ಲಿ ಹೇಳಿಕೊಂಡವನು ಕಾಗದದ ಮೇಲೆ ‘ಟು ಸ್ಟಾರ್ಟ್’ ಎಂದು ಇಳಿಸುವುದು ತೀರ ಸಹಜ.

ಹಾಗಾದರೆ ಸರಿಯಾದ ದಾರಿ ಯಾವುದು? ನುಡಿಗಟ್ಟಿಗೆ ತಕ್ಕ ಕನ್ನಡ ಕ್ರಿಯಾಪದವನ್ನು ಮೊದಲು ಹಿಡಿಯಬೇಕು. ‘ಕಾತರನಾಗು’ ಅಲ್ಲ, ‘ಹಾತೊರೆ’ ಅಲ್ಲ; ‘ಎದುರುನೋಡು’. ಇದು ಕೇವಲ ಸಮಾನಾರ್ಥಕವಲ್ಲ, ಹೆಚ್ಚುಕಡಿಮೆ ಅದೇ ಚಿತ್ರ. ಇಂಗ್ಲಿಷಿನವನು ಮುಂದಕ್ಕೆ ದೃಷ್ಟಿ ಹಾಯಿಸುತ್ತಾನೆ. ಕನ್ನಡಿಗನು ಬರುವುದರ ಎದುರಿಗೆ ನಿಂತು ನೋಡುತ್ತಾನೆ. ತಮಿಳಿನವರ ‘ಎದಿರ್‌ಪಾರ್’, ತೆಲುಗಿನವರ ‘ಎದುರುಚೂಚು’ ಕೂಡ ಇದೇ ಬಗೆಯವು. ಇಷ್ಟು ದೂರದ ಎರಡು ಭಾಷಾಕುಲಗಳು ಒಂದೇ ಕಲ್ಪನೆಯನ್ನು ಕಂಡುಕೊಂಡಿರುವುದು ಸೋಜಿಗವಾದರೂ ಪಾಠ ಹೇಳುವವನಿಗೆ ಅದೊಂದು ಭಾಗ್ಯ.

ಈಗ ‘ಎದುರುನೋಡುತ್ತಿದ್ದೇನೆ’ ಎಂದಾಕ್ಷಣ ಕೇಳುವವನು ‘ಏನನ್ನು?’ ಎಂದು ಪ್ರಶ್ನಿಸುತ್ತಾನೆ. ಹಬ್ಬವನ್ನು, ಮಳೆಯನ್ನು, ಅಣ್ಣನ ಬರವನ್ನು, ತರಗತಿಯ ಆರಂಭವನ್ನು ಎಂದು ಉತ್ತರ. ಉತ್ತರಗಳೆಲ್ಲವೂ ದ್ವಿತೀಯಾ ವಿಭಕ್ತಿಯನ್ನು ಹೊತ್ತ ನಾಮಪದಗಳು. ಕ್ರಿಯೆಯನ್ನೇ ಹೇಳಬೇಕಾದರೆ? ‘ಆರಂಭಿಸುವುದನ್ನು ಎದುರುನೋಡುತ್ತಿದ್ದೇನೆ’. ಇಲ್ಲಿ ‘ಆರಂಭಿಸುವುದು’ ಎಂಬುದು ಕೃದಂತ ಭಾವನಾಮ. ಕ್ರಿಯೆಯಿಂದ ಹುಟ್ಟಿಯೂ ನಾಮಪದದಂತೆ ವಿಭಕ್ತಿಯನ್ನು ಧರಿಸಬಲ್ಲದು. ‘ಆರಂಭಿಸಲು’ ಎಂಬುದಾದರೋ ಕೃದಂತಾವ್ಯಯ. ಅವ್ಯಯವಾದ್ದರಿಂದ ವಿಭಕ್ತಿಪ್ರತ್ಯಯವನ್ನು ಸೇರಿಸಿಕೊಳ್ಳದು. ‘ಆರಂಭಿಸಲನ್ನು’ ಎಂದು ಹೇಳಿನೋಡಿ. ಅಕ್ಷರ ಬಾರದವನೂ ನಗುತ್ತಾನೆ. ಕೃದಂತನಾಮ, ಕೃದಂತ ಭಾವನಾಮ, ಕೃದಂತಾವ್ಯಯ ಎಂಬ ಈ ಮೂರು ಭೇದಗಳನ್ನು ನಮ್ಮ ಪ್ರೌಢಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಓದುತ್ತಾನೆ, ಪರೀಕ್ಷೆಯಲ್ಲಿ ಉದಾಹರಣೆ ಸಹಿತ ಬರೆಯುತ್ತಾನೆ, ಅನಂತರ ಮರೆಯುತ್ತಾನೆ. ಅದರಿಂದ ಏನು ಪ್ರಯೋಜನವೆಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಪ್ರಯೋಜನ ಇಲ್ಲಿದೆ: ಇಂಗ್ಲಿಷಿನ ‘ಸ್ಟಾರ್ಟಿಂಗ್’ ಈ ಸ್ಥಾನದಲ್ಲಿ ನಮ್ಮ ಕೃದಂತ ಭಾವನಾಮ, ‘ಟು ಸ್ಟಾರ್ಟ್’ ನಮ್ಮ ಕೃದಂತಾವ್ಯಯ. ‘ಏನನ್ನು’ ಎಂಬ ಪ್ರಶ್ನೆಗೆ ಅವ್ಯಯದಿಂದ ಉತ್ತರ ಕೊಡಲಾಗದೆಂಬುದು ಕನ್ನಡದಲ್ಲಿ ಎಷ್ಟು ನಿಜವೋ ಈ ನುಡಿಗಟ್ಟಿನ ಮಟ್ಟಿಗೆ ಇಂಗ್ಲಿಷಿನಲ್ಲಿಯೂ ಅಷ್ಟೇ ನಿಜ.

ಇದನ್ನೇ ತರಗತಿಯಲ್ಲಿ ಇನ್ನೂ ಸರಳವಾಗಿ ತೋರಿಸಬಹುದು. ‘ಟು’ ಎಂಬುದು ಎಡಗಡೆಯ ಮನೆಯದೋ ಬಲಗಡೆಯ ಮನೆಯದೋ ಎಂದು ಕೇಳಬೇಕು. ‘ಐ ಹೋಪ್ ಟು ಸ್ಟಾರ್ಟ್’ ಎಂಬಲ್ಲಿ ‘ಹೋಪ್’ ಎಂದು ನಿಲ್ಲಿಸಿ, ಉಸಿರು ತೆಗೆದುಕೊಂಡು, ‘ಟು ಸ್ಟಾರ್ಟ್’ ಎಂದು ಓದಬಹುದು, ‘ಟು’ ಬಲಗಡೆಯದು. ‘ಲುಕ್ ಫಾರ್ವರ್ಡ್ ಟು’ ಎಂಬುದನ್ನಾದರೋ ಒಂದೇ ಉಸಿರಿನಲ್ಲಿ ಓದಿ ಆಮೇಲೆ ನಿಲ್ಲಬೇಕು. ‘ಟು’ ಎಡಗಡೆಯದು, ಅದಾಗಲೇ ಆ ಮನೆಗೆ ಸೇರಿಹೋಗಿದೆ. ಸಂಶಯ ಬಂದರೆ ಮುಂದೊಂದು ಸಾಮಾನ್ಯ ನಾಮಪದವನ್ನು ಇಟ್ಟು ಪರೀಕ್ಷಿಸುವುದು. ‘ಐ ಲುಕ್ ಫಾರ್ವರ್ಡ್ ಟು ದ ಹಾಲಿಡೇಸ್’ ಎಂದರೆ ಸರಿಯಾಗಿ ನಿಲ್ಲುತ್ತದೆ. ‘ಐ ಹೋಪ್ ಟು ದ ಹಾಲಿಡೇಸ್’ ಎಂದರೆ ಕುಸಿಯುತ್ತದೆ. ನಾಮಪದ ನಿಂತ ಸ್ಥಳದಲ್ಲಿ ‘ಸ್ಟಾರ್ಟಿಂಗ್’ ನಿಲ್ಲುತ್ತದೆ.

ಈ ಪರೀಕ್ಷೆ ಎಲ್ಲ ಕಡೆಯೂ ಫಲಿಸುತ್ತದೆಂದು ನಾನು ಹೇಳುವುದಿಲ್ಲ. ‘ಅಗ್ರೀ’ ಎಂಬ ಕ್ರಿಯಾಪದ ‘ಟು ದ ಪ್ಲಾನ್’ ಎಂಬುದನ್ನೂ ಒಪ್ಪುತ್ತದೆ, ‘ಟು ಸ್ಟಾರ್ಟ್’ ಎಂಬುದನ್ನೂ ಒಪ್ಪುತ್ತದೆ. ಭಾಷೆ ಎಂದ ಮೇಲೆ ಇಂಥ ಅಪವಾದಗಳು ಇದ್ದೇ ಇರುತ್ತವೆ. ಆದರೆ ಮಕ್ಕಳು ನಿತ್ಯ ಎಡವುವ ಮೂರು ನಾಲ್ಕು ಕಡೆಗಳಲ್ಲಿ ಇದು ಕೈಹಿಡಿದು ನಡೆಸುತ್ತದೆ. ‘ಯೂಸ್ಡ್ ಟು’ ಎಂಬುದನ್ನೇ ತೆಗೆದುಕೊಳ್ಳಿ. ‘ಐ ಯೂಸ್ಡ್ ಟು ವಾಕ್ ಟು ಸ್ಕೂಲ್’ ಎಂದರೆ ‘ಶಾಲೆಗೆ ನಡೆದು ಹೋಗುತ್ತಿದ್ದೆ’. ‘ಐ ಆ್ಯಮ್ ಯೂಸ್ಡ್ ಟು ವಾಕಿಂಗ್ ಟು ಸ್ಕೂಲ್’ ಎಂದರೆ ‘ಶಾಲೆಗೆ ನಡೆದು ಹೋಗುವುದು ನನಗೆ ರೂಢಿಯಾಗಿದೆ’. ಇಂಗ್ಲಿಷಿನಲ್ಲಿ ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ಇವೆರಡನ್ನು ಕನ್ನಡವು ಸ್ಪಷ್ಟವಾಗಿ ಬೇರ್ಪಡಿಸಿ ಇಟ್ಟಿದೆ. ‘ಹೋಗುವುದು’ ಎಂಬ ಭಾವನಾಮ ಕನ್ನಡದಲ್ಲಿ ತಲೆಯೆತ್ತಿದ ಕಡೆ ಇಂಗ್ಲಿಷಿನಲ್ಲಿ ‘ವಾಕಿಂಗ್’ ಬಂದಿದೆ.

ಇನ್ನು ‘ಟು’ ಎಂಬುದಕ್ಕೆ ಈ ಎರಡು ಮನೆಗಳು ಹೇಗೆ ಒದಗಿದವು ಎಂಬ ಕುತೂಹಲ ಕೆಲವರಿಗಾದರೂ ಹುಟ್ಟೀತು. ಮೂಲತಃ ಅದು ಒಂದೇ ಪದ. ಸುಮಾರು 1100ಕ್ಕೆ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳಿಗೆ ನಮ್ಮವುಗಳಂತೆಯೇ ವಿಭಕ್ತಿಗಳಿದ್ದವು. ಆಗ ‘ಟು’ ಎಂಬ ಪದದ ಮುಂದೆ ಕ್ರಿಯೆಯನ್ನು ಹೇಳಬೇಕಾದರೆ ಕ್ರಿಯಾಧಾತುವಿಗೆ ‘ಎನ್ನೆ’ ಎಂಬ ಚತುರ್ಥಿಯ ಪ್ರತ್ಯಯವನ್ನು ಹಚ್ಚುತ್ತಿದ್ದರು. ಹಾಡು ಎಂಬರ್ಥದ ಧಾತುವಿನಿಂದ ‘ಟೋ ಸಿಂಗೆನ್ನೆ’, ಎಂದರೆ ‘ಹಾಡುವುದಕ್ಕೆ’. ಕಾಲಕ್ರಮದಲ್ಲಿ ಪ್ರತ್ಯಯ ಸವೆದು ಬಿದ್ದುಹೋಯಿತು. ‘ಟು ಸಿಂಗ್’ ಎಂಬ ಬೋಳು ರೂಪ ಉಳಿಯಿತು. ಕ್ರಿಯೆಯಿಂದ ನಾಮಪದ ಮಾಡುವ ‘ಐಎನ್‌ಜಿ’ ಪ್ರತ್ಯಯ ಬೇರೆಯೇ ಆಗಿ ಬೆಳೆದು, ಎಲ್ಲೆಲ್ಲಿ ನಾಮಪದ ನಿಲ್ಲಬಲ್ಲದೋ ಅಲ್ಲೆಲ್ಲ ನಿಲ್ಲತೊಡಗಿತು.

ಕನ್ನಡದಲ್ಲಿಯೂ ಇದಕ್ಕೆ ಸಾಕ್ಷ್ಯವುಂಟು. ಹಳಗನ್ನಡದ ‘ನೋಡಲ್ಕೆ’, ಇಂದಿನ ‘ನೋಡಲಿಕ್ಕೆ’, ಮೈಸೂರಿನ ಕಡೆಯ ‘ನೋಡಕ್ಕೆ’, ನಮ್ಮ ಉತ್ತರದ ಸೀಮೆಯ ‘ನೋಡಾಕ’, ಇವುಗಳಲ್ಲೆಲ್ಲ ಅವ್ಯಯದ ಬೆನ್ನಿಗೆ ಚತುರ್ಥಿಯ ‘ಕೆ’ ಅಂಟಿಕೊಂಡಿರುವುದು ಕಾಣುತ್ತದೆ. ಅವ್ಯಯಕ್ಕೆ ವಿಭಕ್ತಿ ಸೇರದೆಂದು ಈಗತಾನೆ ಹೇಳಿದಿರಲ್ಲ ಎಂದು ಜಾಣ ವಿದ್ಯಾರ್ಥಿ ಇಲ್ಲಿ ಕೇಳಬಹುದು, ಕೇಳಬೇಕು ಕೂಡ. ಚತುರ್ಥಿಯೊಂದು ಮಾತ್ರ ಹೀಗೆ ಅಂಟಿ, ಇಡೀ ರೂಪವೇ ಉದ್ದೇಶವನ್ನು ಸೂಚಿಸುವ ಅವ್ಯಯವಾಗಿ ಗಟ್ಟಿಯಾಗಿದೆ ಎಂಬುದು ಉತ್ತರ. ‘ಸೇರಲಿಕ್ಕೆ ಬಂದೆ’ ಎಂಬಲ್ಲಿ ಉದ್ದೇಶವಿದೆ; ಆದ್ದರಿಂದ ‘ಐ ಕೇಮ್ ಟು ಜಾಯಿನ್’ ಸರಿ. ‘ಸೇರುವುದನ್ನು ಎದುರುನೋಡುತ್ತೇನೆ’ ಎಂಬಲ್ಲಿ ಉದ್ದೇಶವಿಲ್ಲ, ಕಣ್ಣಮುಂದಿನ ಒಂದು ವಸ್ತುವಿದೆ. ಆದ್ದರಿಂದ ‘ಟು ಜಾಯಿನಿಂಗ್’. ಇಷ್ಟನ್ನು ಹತ್ತು ನಿಮಿಷದಲ್ಲಿ ಹೇಳಬಹುದು. ನಲವತ್ತು ಉದಾಹರಣೆಗಳ ಪಟ್ಟಿಗಿಂತ ಈ ಹತ್ತು ನಿಮಿಷ ಹೆಚ್ಚು ಕಾಲ ಬಾಳುತ್ತದೆ ಎಂಬುದು ನನ್ನ ನಂಬಿಕೆ.

ಆರಂಭದ ವಿಷಯಕ್ಕೆ ಈ ನುಡಿಗಟ್ಟನ್ನು ಬಳಸುವಾಗ ವಿಶೇಷವಾದ ಇನ್ನೊಂದು ತೊಡಕಿದೆ. ‘ಸ್ಟಾರ್ಟ್’ ಎಂಬ ಪದ ಕ್ರಿಯಾಪದವೂ ಹೌದು, ನಾಮಪದವೂ ಹೌದು. ‘ಲುಕಿಂಗ್ ಫಾರ್ವರ್ಡ್ ಟು ದ ಸ್ಟಾರ್ಟ್ ಆಫ್ ದ ಟರ್ಮ್’ ಎಂಬುದು ನಿರ್ದುಷ್ಟವಾದ ವಾಕ್ಯಾಂಶ. ಅಲ್ಲಿ ‘ಸ್ಟಾರ್ಟ್’ ಎಂದರೆ ಆರಂಭ. ಹಿಂದಿನ ‘ದ’, ಮುಂದಿನ ‘ಆಫ್’ ಎರಡೂ ಅದನ್ನು ನಾಮಪದವೆಂದು ಸಾರುತ್ತಿವೆ. ಹೊಸದಾಗಿ ನಿಯಮ ಕಲಿತ ಹುಡುಗಿ ಇಲ್ಲಿಯೂ ‘ಐಎನ್‌ಜಿ’ ತುರುಕಿ ‘ಟು ದ ಸ್ಟಾರ್ಟಿಂಗ್ ಆಫ್ ದ ಟರ್ಮ್’ ಎಂದು ಬರೆದಾಳು. ನಮ್ಮಲ್ಲಿ ಅನೇಕರು ಹಾಗೆ ಬರೆಯುತ್ತಾರೆ; ವ್ಯಾಕರಣ ಅದನ್ನು ಪೂರ್ತಿಯಾಗಿ ತಳ್ಳಿಹಾಕದಿದ್ದರೂ ಕಿವಿಗೆ ಒರಟು. ‘ಟರ್ಮ್ ಆರಂಭವಾಗುವುದನ್ನು’ ಎನ್ನಬೇಕಾದರೆ ‘ಟು ದ ಟರ್ಮ್ ಸ್ಟಾರ್ಟಿಂಗ್’ ಎಂದೂ ಹೇಳಬಹುದು. ನಾನು ಆರಂಭಿಸುವುದು, ಅದು ತಾನಾಗಿ ಆರಂಭವಾಗುವುದು, ಅದರ ಆರಂಭ ಎಂಬ ಮೂರು ಕನ್ನಡ ರೂಪಗಳನ್ನು ಕರಿಹಲಗೆಯ ಮೇಲೆ ಬರೆದು ಎದುರಿಗೆ ಈ ಮೂರು ಇಂಗ್ಲಿಷ್ ರೂಪಗಳನ್ನು ಬರೆಸಿದರೆ ಗೊಂದಲ ಅಲ್ಲಿಗೇ ಶಮನವಾಗುತ್ತದೆ.

ಆದುದರಿಂದ ಈ ಪಾಠವನ್ನು ‘ಸ್ಟಾರ್ಟ್’ನಿಂದ ಆರಂಭಿಸದೆ ‘ಬಿಗಿನ್’ನಿಂದ ಆರಂಭಿಸುವುದು ಲೇಸು. ‘ಬಿಗಿನ್’ ಎಂಬುದು ಕ್ರಿಯಾಪದವೇ ಹೊರತು ನಾಮಪದವಲ್ಲ; ‘ದ ಬಿಗಿನ್’ ಎಂದು ಯಾರೂ ಹೇಳರು. ಅದರ ನಾಮಪದ ‘ಬಿಗಿನಿಂಗ್’. ‘ಟು’ ಎಂಬುದರ ಮುಂದೆ ನಾಮಪದ ಬೇಕು, ಆದ್ದರಿಂದ ‘ಬಿಗಿನಿಂಗ್’ ಬಂತು ಎಂಬುದು ಮಗುವಿಗೆ ಕಣ್ಣಿಗೆ ಕಟ್ಟಿದಂತೆ ತೋರುತ್ತದೆ. ಅದು ಗಟ್ಟಿಯಾದ ಮೇಲೆ ಎರಡು ವೇಷದ ‘ಸ್ಟಾರ್ಟ್’ ಬರಲಿ.

ಬೇರೆ ಕೆಲವು ತಪ್ಪುಗಳನ್ನು ಹೆಚ್ಚು ವಿವರಿಸಬೇಕಾಗಿಲ್ಲ. ‘ಲುಕಿಂಗ್ ಫಾರ್ವರ್ಡ್ ಫಾರ್’ ಎಂಬುದು ‘ವೇಟಿಂಗ್ ಫಾರ್’ ಎಂಬುದರ ನೆರಳು. ‘ಐ ಲುಕ್ ಫಾರ್ವರ್ಡ್ ದಟ್ ದ ಸ್ಕೂಲ್ ವಿಲ್ ಸ್ಟಾರ್ಟ್’ ಎಂಬುದು ನಮ್ಮ ‘ಎಂದು’ ಎಂಬುದರ ಪ್ರಭಾವದಿಂದ ಹುಟ್ಟಿದ್ದು. ಅಂಥಲ್ಲಿ ‘ಹೋಪ್’ ಅಥವಾ ‘ಎಕ್ಸ್‌ಪೆಕ್ಟ್’ ಬಳಸಿದರೆ ವಾಕ್ಯ ನೆಟ್ಟಗಾಗುತ್ತದೆ. ಅರ್ಥಕ್ಕೆ ಸಂಬಂಧಿಸಿದ ಒಂದು ಎಚ್ಚರ ಮಾತ್ರ ಅವಶ್ಯ. ಕನ್ನಡದಲ್ಲಿ ನಾವು ಒಳ್ಳೆಯದನ್ನೂ ನಿರೀಕ್ಷಿಸುತ್ತೇವೆ, ಕೆಟ್ಟದ್ದನ್ನೂ ನಿರೀಕ್ಷಿಸುತ್ತೇವೆ. ‘ಲುಕ್ ಫಾರ್ವರ್ಡ್ ಟು’ ಎಂಬುದರಲ್ಲಿ ಹರ್ಷ ಅಡಗಿದೆ. ಬರಗಾಲದ ಆರಂಭಕ್ಕೆ ಈ ಮಾತನ್ನು ಬಳಸಿದರೆ ಬರೆದವನು ಬರವನ್ನು ಬಯಸುತ್ತಾನೆಂದು ಅರ್ಥವಾದೀತು. ಅಲ್ಲಿ ‘ಎಕ್ಸ್‌ಪೆಕ್ಟ್’ ಅಥವಾ ‘ಆ್ಯಂಟಿಸಿಪೇಟ್’ ಸಲ್ಲುತ್ತದೆ. ಇವೆರಡರಲ್ಲಿಯೂ ಮತ್ತೆ ಭೇದವುಂಟು: ‘ಎಕ್ಸ್‌ಪೆಕ್ಟ್ ಟು ಸ್ಟಾರ್ಟ್’, ಆದರೆ ‘ಆ್ಯಂಟಿಸಿಪೇಟ್ ಸ್ಟಾರ್ಟಿಂಗ್’.

ಒಂದೇ ಅರ್ಥದ ಸುತ್ತಮುತ್ತಲಿನ ಕ್ರಿಯಾಪದಗಳು ಹೀಗೆ ಬೇರೆ ಬೇರೆ ರೂಪಗಳನ್ನು ಬೇಡುವುದು ಪರಭಾಷಿಕರಿಗೆ ಎಷ್ಟು ದೊಡ್ಡ ಕಂಟಕ ಎಂಬುದನ್ನು ಮನಗಂಡು ಅದಕ್ಕೊಂದು ದಾರಿ ಮಾಡಿದವರಲ್ಲಿ ಎ. ಎಸ್. ಹಾರ್ನ್‌ಬಿ ಪ್ರಮುಖರು. ಜಪಾನಿನಲ್ಲಿ ಅಧ್ಯಾಪಕರಾಗಿದ್ದ ಅವರು ಸಹೋದ್ಯೋಗಿಗಳೊಡನೆ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯ ಅದನ್ನು ಹೊರತಂದು ಲೋಕಕ್ಕೆಲ್ಲ ಪರಿಚಯಿಸಿತು. ಪದದ ಅರ್ಥವನ್ನಷ್ಟೇ ಹೇಳಿ ಸುಮ್ಮನಾಗದೆ ಆ ಪದದ ಮುಂದೆ ಯಾವ ರೂಪ ಬರಬೇಕೆಂಬುದನ್ನೂ ತೋರಿಸಿದ್ದು ಅದರ ಹಿರಿಮೆ. ಇಂಥ ಕಲಿಕೆಯ ನಿಘಂಟಿನ ಒಂದು ಪ್ರತಿಯನ್ನಾದರೂ ತರಗತಿಯ ಮೇಜಿನ ಮೇಲಿಟ್ಟು ಅದನ್ನು ನೋಡುವ ಕ್ರಮವನ್ನು ಕಲಿಸುವುದು ಯಾವ ಶಾಲೆಗೂ ಭಾರವಾಗದು. ನಮ್ಮ ಗ್ರಂಥಾಲಯಗಳಲ್ಲಿ ನಿಘಂಟುಗಳಿಲ್ಲವೆಂದಲ್ಲ. ಅವು ಕಪಾಟಿನ ಬೀಗದ ಹಿಂದೆ ಸುರಕ್ಷಿತವಾಗಿವೆ.

ಇಂಗ್ಲಿಷ್ ತರಗತಿಯಲ್ಲಿ ಕನ್ನಡದ ಉಸಿರೆತ್ತಬಾರದೆಂಬ ಮಡಿ ಇನ್ನೂ ಅನೇಕ ಕಡೆ ಉಳಿದಿದೆ. ಕನ್ನಡದಲ್ಲಿ ಮಾತನಾಡಿದ ಮಗುವಿಗೆ ದಂಡ ವಿಧಿಸುವ ಶಾಲೆಗಳೂ ಇವೆ. ಮಗು ಮೊದಲು ತನ್ನ ಭಾಷೆಯಲ್ಲಿ ಯೋಚಿಸುತ್ತದೆ ಎಂಬುದನ್ನು ದಂಡದಿಂದ ತಡೆಯಲಾಗದು. ಹಾಗೆ ಯೋಚಿಸಿದ್ದನ್ನು ಗುಟ್ಟಾಗಿ, ತಪ್ಪಾಗಿ ಭಾಷಾಂತರಿಸುವುದಕ್ಕಿಂತ ಬಹಿರಂಗವಾಗಿ, ಸರಿಯಾಗಿ ಹೋಲಿಸಿನೋಡುವುದು ಉತ್ತಮವಲ್ಲವೆ? ಮಾತೃಭಾಷೆಯ ನೆರವನ್ನು ಕ್ರಮಬದ್ಧವಾಗಿ ಪಡೆಯುವ ದ್ವಿಭಾಷಾ ಪದ್ಧತಿಯನ್ನು ಸಿ. ಜೆ. ಡಾಡ್‌ಸನ್ 1967ರಲ್ಲಿಯೇ ಗ್ರಂಥರೂಪದಲ್ಲಿ ಮಂಡಿಸಿದ್ದಾರೆ. ಇದು ಹೊಸ ಮಾತೇನಲ್ಲ.

ವ್ಯಾಕರಣವನ್ನು ಪಾಠ ಹೇಳುವುದೇ ಬೇಡವೆನ್ನುವ ಇನ್ನೊಂದು ಪಕ್ಷವೂ ಉಂಟು. ಅದು ಹುಟ್ಟಿದ್ದು ನಮ್ಮ ನೆಲದಲ್ಲಿಯೂ ಹೌದು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯನ್ನು ನೆಲೆಯಾಗಿ ಮಾಡಿಕೊಂಡು ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ‘ಬೆಂಗಳೂರು ಯೋಜನೆ’ ಎಂದು ಅದು ಲೋಕಪ್ರಸಿದ್ಧವಾಗಿದೆ. ವೇಳಾಪಟ್ಟಿ, ಭೂಪಟ, ಲೆಕ್ಕಾಚಾರಗಳಂಥ ಸಮಸ್ಯೆಗಳನ್ನು ಇಂಗ್ಲಿಷಿನಲ್ಲಿ ಬಿಡಿಸಲು ಕೊಟ್ಟು, ಮನಸ್ಸು ಅರ್ಥದಲ್ಲಿ ಮಗ್ನವಾಗಿರುವಾಗ ವ್ಯಾಕರಣ ತಾನಾಗಿ ಮೈಗೂಡುತ್ತದೆ ಎಂಬುದನ್ನು ಅವರು ಪ್ರತಿಪಾದಿಸಿದರು. ಪಟ್ಟಿಗಳ ಕಂಠಪಾಠದಿಂದ ಬೇಸತ್ತವರಿಗೆ ಆ ವಾದ ತಂಗಾಳಿಯಂತಿತ್ತು. ನನಗೂ ಅದರಲ್ಲಿ ಗೌರವವಿದೆ. ಆದರೆ ‘ಲುಕ್ ಫಾರ್ವರ್ಡ್ ಟು’ ನಂಥ ಮಾತು ತಾನಾಗಿ ಮೈಗೂಡಬೇಕಾದರೆ ಅದು ಕಿವಿಯ ಮೇಲೆ ಸಾವಿರ ಸಲ ಬೀಳಬೇಕು. ದಿನಕ್ಕೊಂದು ಅವಧಿ ಮಾತ್ರ ಇಂಗ್ಲಿಷ್ ಕೇಳುವ, ಉಳಿದ ಹೊತ್ತೆಲ್ಲ ಕನ್ನಡದಲ್ಲಿ ಬಾಳುವ ಮಗುವಿಗೆ ಆ ಅವಕಾಶವೆಲ್ಲಿ? ಬೀಳುವ ಕೆಲವೇ ಸಲವೂ ತಪ್ಪಾದ ರೂಪವೇ ಬೀಳುತ್ತಿರುತ್ತದೆ. ಅಂಥವನಿಗೆ ಹತ್ತು ನಿಮಿಷದ ವಿವರಣೆ ಒಂದು ಊರುಗೋಲು. ರೆನ್ ಮತ್ತು ಮಾರ್ಟಿನ್ ಅವರ ಪುಸ್ತಕವನ್ನು ಉರು ಹೊಡೆದ ತಲೆಮಾರಿಗೂ ಏನನ್ನೂ ಉರು ಹೊಡೆಯದ ಈಗಿನ ತಲೆಮಾರಿಗೂ ಒದಗದೆ ಹೋದದ್ದು ‘ಏಕೆ’ ಎಂಬ ಪ್ರಶ್ನೆಗೆ ಉತ್ತರ.

ನಮ್ಮ ರಾಜ್ಯದಲ್ಲಿ ಈಗ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಹಿಂದೆ ಐದನೆಯ ತರಗತಿಯಲ್ಲಿ ಆರಂಭವಾಗುತ್ತಿದ್ದವರಿಗಿಂತ ನಾಲ್ಕು ವರ್ಷ ಹೆಚ್ಚಾಗಿ ಓದಿದರೂ ಎಸ್.ಎಸ್.ಎಲ್.ಸಿ.ಯ ಪತ್ರಲೇಖನದಲ್ಲಿ ಹಳೆಯ ತಪ್ಪುಗಳೇ ಕಾಣುತ್ತಿದ್ದರೆ ವರ್ಷಗಳ ಸಂಖ್ಯೆಯಲ್ಲಿ ಪರಿಹಾರವಿಲ್ಲವೆಂದು ಒಪ್ಪಬೇಕಾಗುತ್ತದೆ. ನನ್ನ ಸಲಹೆ ಸರಳ. ಪ್ರೌಢಶಾಲೆಯಲ್ಲಿ ಕೃದಂತದ ಪಾಠ ನಡೆಯುವ ವಾರದಲ್ಲಿಯೇ ಇಂಗ್ಲಿಷಿನ ಈ ಪಾಠವೂ ನಡೆಯಲಿ. ಕನ್ನಡ ಅಧ್ಯಾಪಕರೂ ಇಂಗ್ಲಿಷ್ ಅಧ್ಯಾಪಕರೂ ಒಂದು ಅವಧಿ ಒಂದೇ ತರಗತಿಯಲ್ಲಿ ಕೂಡಿ ನಿಲ್ಲಲಿ. ಇದಕ್ಕೆ ಸರಕಾರದ ಆದೇಶ ಬೇಡ, ಹಣ ಬೇಡ. ಮುಖ್ಯೋಪಾಧ್ಯಾಯರು ವೇಳಾಪಟ್ಟಿಯಲ್ಲಿ ಎರಡು ಹೆಸರು ಬರೆದರೆ ಸಾಕು. ಕನ್ನಡದ ವ್ಯಾಕರಣ ಅಂಕಗಳಿಗಾಗಿ ಮಾತ್ರ ಇರುವುದೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಅದು ಇನ್ನೊಂದು ಭಾಷೆಯ ಬಾಗಿಲನ್ನೂ ತೆರೆಯಬಲ್ಲದೆಂದು ಕಂಡರೆ ಆ ಪಾಠಕ್ಕೂ ಗೌರವ ಬಂದೀತು.

ಕೊನೆಗೆ ಪತ್ರದ ಅಂಚಿನ ಒಂದು ಸಂಗತಿ. ‘ಲುಕಿಂಗ್ ಫಾರ್ವರ್ಡ್ ಟು ಸ್ಟಾರ್ಟಿಂಗ್ ವರ್ಕ್ ಆನ್ ದ ಫಸ್ಟ್ ಆಫ್ ಜೂನ್’ ಎಂದು ಬರೆದು ಅಲ್ಪವಿರಾಮ ಹಾಕಬೇಕೆ, ಪೂರ್ಣವಿರಾಮ ಹಾಕಬೇಕೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಹಿಂದಿನವರು ಅಲ್ಪವಿರಾಮ ಹಾಕುತ್ತಿದ್ದುದಕ್ಕೆ ಕಾರಣವಿತ್ತು. ‘ಥ್ಯಾಂಕಿಂಗ್ ಯೂ’, ‘ಲುಕಿಂಗ್ ಫಾರ್ವರ್ಡ್ ಟು’ ಎಂದು ಆರಂಭಿಸಿ, ‘ಐ ರಿಮೇನ್, ಯುವರ್ಸ್ ಫೇತ್‌ಫುಲ್ಲಿ’ ಎಂದು ಮುಗಿಸುತ್ತಿದ್ದರು. ಇಡೀ ಅದು ಒಂದೇ ವಾಕ್ಯ, ‘ಐ’ ಎಂಬುದು ಅದರ ಕರ್ತೃ. ‘ಐ ರಿಮೇನ್’ ಎಂಬುದು ಬಿದ್ದುಹೋದ ಮೇಲೆ ಮೊದಲ ಅರ್ಧ ಕರ್ತೃವಿಲ್ಲದೆ ತೂಗಾಡುತ್ತ ಉಳಿಯಿತು, ಅಲ್ಪವಿರಾಮವೂ ಹಾಗೆಯೇ ಉಳಿಯಿತು. ನಮ್ಮ ಕಚೇರಿಗಳ ಪತ್ರಗಳಲ್ಲಿ ಅದು ಇಂದಿಗೂ ತೂಗಾಡುತ್ತಿದೆ. ‘ಐ ಲುಕ್ ಫಾರ್ವರ್ಡ್ ಟು ಸ್ಟಾರ್ಟಿಂಗ್ ವರ್ಕ್’ ಎಂದು ಕರ್ತೃವನ್ನು ಸೇರಿಸಿ, ಪೂರ್ಣವಿರಾಮವಿಟ್ಟು, ಅದರ ಕೆಳಗೆ ಸಹಿ ಮಾಡುವುದು ಹೆಚ್ಚು ಸಮರ್ಪಕ.